ಹೆಗ್ಗದ್ದೆ ಗೇಟಿನಲ್ಲಿ ಭಾನುವಾರದ ಮಳೆ

ಹೋದ ತಿಂಗಳು ರಕ್ಷಿತಾ ಎಂಬ ಹುಡುಗಿ ಫೋನ್ ಮಾಡಿದ್ದಳು. ಅರಣ್ಯ ರಕ್ಷಕಿಯಾಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. ನಾನು ಹದಿನಾಲ್ಕು ವರ್ಷ ಕಾದ ಹೆಗ್ಗದ್ದೆ ಗೇಟಿಗೇ ಅವಳನ್ನು ಹಾಕಿದ್ದಾರೆ. ಗೇಟಿನ ಪಕ್ಕ ಹೋಟೆಲು ಇಟ್ಟಿರುವ ಗೌರಕ್ಕ ನನ್ನ ನಂಬರು ಕೊಟ್ಟಳಂತೆ. "ಸಾರ್, ಮೊಬೈಲಲ್ಲಿ ಮಧ್ಯಾಹ್ನ ಮಳೆ ಅಂತ ತೋರಿಸ್ತೈತೆ. ಇಲ್ಲಿ ನೋಡಿದ್ರೆ ಬಿಸಿಲು. ಗುಡ್ಡ ಹತ್ತೋಕೆ ಬಂದೋರು ಇಪ್ಪತ್ತು ಜನ ನಿಂತವ್ರೆ. ಗೇಟ್ ಬಿಡ್ಲಾ, ಮುಚ್ಲಾ?" ಎಂದು ಕೇಳಿದಳು.

ನಾನು ಮಗ್ಗೆಯ ನಮ್ಮ ಮನೆಯ ಜಗುಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದೆ. ಹಳ್ಳ ಹುಟ್ಟುವ ಮೇಲಿನ ಕಾಫಿ ತೋಟದಲ್ಲಿ ನಿನ್ನೆ ಎಷ್ಟು ಮಳೆಯಾಯಿತು, ಅದನ್ನು ಅಳೆದವರು ಯಾರು, ಅಷ್ಟು ಮೊದಲು ಕೇಳಿಕೋ ಎಂದೆ. ಅವಳಿಗೆ ಆ ಉತ್ತರ ಸಾಕಾಗಲಿಲ್ಲ ಎಂಬುದು ದನಿಯಲ್ಲೇ ಗೊತ್ತಾಯಿತು. ಪೂರ್ತಿ ಉತ್ತರ ಹೇಳಬೇಕಾದರೆ ನನ್ನದೊಂದು ತಪ್ಪನ್ನು ಹೇಳಬೇಕು. ಫೋನಿನಲ್ಲಿ ಮುಗಿಯುವ ಮಾತಲ್ಲ ಅದು. ಅವಳಿಗೂ ಅವಳಂತೆ ಹೊಸದಾಗಿ ಬಂದಿರುವವರಿಗೂ ಇರಲಿ ಎಂದು ಬರೆಯುತ್ತಿದ್ದೇನೆ.

ಗಾರ್ಡ್ ಆಗಿ ಸೇರಿದೆ, ಫಾರೆಸ್ಟರ್ ಆಗಿ ನಿವೃತ್ತನಾದೆ. ನಡುವೆ ಏನೇನಾಯಿತು ಎಂಬುದು ಸೇವಾ ಪುಸ್ತಕದಲ್ಲಿದೆ, ಅದನ್ನು ಓದಿ ಯಾರಿಗೂ ಏನೂ ಸಿಗುವುದಿಲ್ಲ. ಒಂದೇ ಜಾಗದಲ್ಲಿ ಅಷ್ಟು ವರ್ಷ ಹೇಗೆ ಉಳಿದೆ ಎಂದು ಕೆಲವರು ಕೇಳುತ್ತಾರೆ. ಬೇರೆ ಯಾರೂ ಅಲ್ಲಿಗೆ ಬರಲು ಒಪ್ಪುತ್ತಿರಲಿಲ್ಲ, ಅಷ್ಟೇ.

ನಮ್ಮ ಆಲೂರು ಸೀಮೆಯಲ್ಲಿ ಮಳೆ ಎಂದರೆ ಕಾಯುವಂಥದ್ದು. ಬಂದರೆ ಅಂಗಳಕ್ಕಿಳಿದು ನೋಡುತ್ತಿದ್ದೆವು. ಹೆಗ್ಗದ್ದೆಗೆ ಹೋದ ಮೊದಲ ವರ್ಷ ಜೂನ್‌ನಲ್ಲಿ ಹನ್ನೊಂದು ದಿನ ಬಿಡದೆ ಹುಯ್ದಾಗ ಮೇಲೆ ಏನೋ ಕೆಟ್ಟಿದೆ ಎಂದು ನಿಜವಾಗಿಯೂ ಹೆದರಿದ್ದೆ. "ಇನ್ನೂ ಶುರುವೇ ಆಗಿಲ್ಲ ಕಣ್ ಗೌಡ್ರೇ, ಇದು ನೆಲ ನೆನೆಸೋ ಮಳೆ" ಎಂದು ಗೌರಕ್ಕ ನಕ್ಕಿದ್ದಳು. ಆಗ ನಗುವಿನ ಮಾತಾಗಿ ಕೇಳಿದ್ದು ಎಷ್ಟು ದೊಡ್ಡ ಪಾಠ ಎಂಬುದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಗೇಟು ಎಂದರೆ ದೊಡ್ಡದೇನಲ್ಲ. ಎರಡು ಕಲ್ಲುಕಂಬ, ನಡುವೆ ಒಂದು ಬಿದಿರಿನ ಗಳ, ಪಕ್ಕದಲ್ಲಿ ಹೆಂಚಿನ ಚೌಕಿ, ಅದರ ಗೋಡೆಗೊಂದು ಕಪ್ಪು ಬೋರ್ಡು. ಊರ ಶಾಲೆಗೆ ಹೊಸದು ಬಂದಾಗ ಹಳೆಯದನ್ನು ಬೇಡಿ ತಂದದ್ದು. ಗೇಟು ದಾಟಿ ಮೂರು ಕಿಲೋಮೀಟರು ಕಾಡಿನ ದಾರಿ ನಡೆದರೆ ಜೋಡಿಹಳ್ಳ ಸಿಗುತ್ತದೆ. ಹಳ್ಳ ದಾಟಿದರೆ ಬೆಣಚಿಗುಡ್ಡದ ಹುಲ್ಲು ಹಾಸು, ತುದಿಯಲ್ಲಿ ನಿಂತರೆ ಘಟ್ಟದ ಕೆಳಗಿನ ಸೀಮೆಯೆಲ್ಲ ಕಾಣುತ್ತದೆ. ಅದನ್ನು ನೋಡಲು ಹಾಸನ, ಮೈಸೂರು, ಬೆಂಗಳೂರಿನಿಂದ ಬೆನ್ನಿಗೆ ಚೀಲ ಹಾಕಿಕೊಂಡು ಜನ ಬರುತ್ತಿದ್ದರು. ಗೌರಕ್ಕ ಅವರನ್ನು ಚೀಲದೋರು ಎಂದೇ ಕರೆಯುತ್ತಿದ್ದಳು. ಅವರನ್ನು ಒಳಗೆ ಬಿಡುವುದು ಇಲ್ಲವೇ ಬಿಡದಿರುವುದು, ಇಷ್ಟೇ ನನ್ನ ಕೆಲಸ. ಕೇಳಲು ಸುಲಭವಾಗಿದೆ.

ಮಳೆಗಾಲದ ಮೂರು ತಿಂಗಳು ಮೇಲಿನಿಂದಲೇ ಆದೇಶ ಬಂದು ದಾರಿ ಪೂರ್ತಿ ಬಂದ್ ಆಗುತ್ತಿತ್ತು. ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಕಷ್ಟ ಇದ್ದದ್ದು ಅಂಚಿನ ದಿನಗಳಲ್ಲಿ, ಅಂದರೆ ಮೇ ಕೊನೆ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಪೂರ್ತಿ. ಆಗ "ಸ್ಥಳೀಯ ಪರಿಸ್ಥಿತಿ ನೋಡಿ ಕ್ರಮ ಕೈಗೊಳ್ಳುವುದು" ಎಂದು ಕಾಗದ ಬರುತ್ತಿತ್ತು. ಸ್ಥಳೀಯ ಪರಿಸ್ಥಿತಿ ಎಂದರೆ ನಾನು.

ಮೊದಮೊದಲು ನನ್ನ ಹತ್ತಿರ ಇದ್ದದ್ದು ಒಂದು ರೇಡಿಯೋ. ಮಲೆನಾಡಿನ ಹಲವೆಡೆ, ಒಳನಾಡಿನ ಕೆಲವೆಡೆ ಎಂದು ಹೇಳುತ್ತಿದ್ದರು. ನಾವು ಹಲವೆಡೆಗೆ ಸೇರಿದವರೋ ಕೆಲವೆಡೆಗೆ ಸೇರಿದವರೋ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ಒಂದು ದೀಪಾವಳಿಗೆ ಭಾರೀ ಮಳೆ ಎಂಬ ಸುದ್ದಿ ನಂಬಿ ಮೂರು ದಿನ ಗೇಟು ಮುಚ್ಚಿದೆ. ಮೂರು ದಿನವೂ ಒಂದು ಹನಿ ಬೀಳಲಿಲ್ಲ. ವನಗೂರಿನಿಂದ ಜನರನ್ನು ತುಂಬಿಕೊಂಡು ಬರುವ ಜೀಪಿನ ಧರ್ಮಪ್ಪ ನಾಲ್ಕನೇ ದಿನ ಛತ್ರಿ ಬಿಚ್ಚಿಕೊಂಡು ಬಿಸಿಲಿನಲ್ಲಿ ನನ್ನ ಚೌಕಿಯ ಮುಂದೆ ಮೂರು ಸಲ ಅತ್ತಿಂದಿತ್ತ ನಡೆದ. ಬೈದಿದ್ದರೇ ವಾಸಿ ಇತ್ತು.

ಇನ್ನೊಂದು ತಕರಾರು ಬೇಸಿಗೆಯದು. ಮಾರ್ಚ್‌ನಲ್ಲಿ ಗುಡ್ಡದ ಹುಲ್ಲು ಒಣಗಿ ಒಂದು ಬೀಡಿ ಕಿಡಿಗೆ ಹತ್ತಿಕೊಳ್ಳುವಂತಿರುತ್ತದೆ. ಆಗಲೂ ಮುಚ್ಚುತ್ತಿದ್ದೆವು. ಮಳೆ ಬಂದರೂ ಮುಚ್ಚುತ್ತೀರಿ, ಬರದಿದ್ದರೂ ಮುಚ್ಚುತ್ತೀರಿ, ನೀವು ತೆಗೆಯುವುದು ಯಾವಾಗ ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಮೇಲಿನ ಅಧಿಕಾರಿಯೊಬ್ಬರು ತಮ್ಮ ನೆಂಟರನ್ನು ಒಮ್ಮೆ ಬಂದ್ ಇದ್ದಾಗಲೇ ಕಳಿಸಿದ್ದರು. ಬರೆದುಕೊಟ್ಟರೆ ಬಿಡುತ್ತೇನೆ ಎಂದು ನಾನು ಹಟ ಹಿಡಿದೆ. ಅವರು ಬರೆದೂ ಕೊಟ್ಟರು. ನೆಂಟರು ಅರ್ಧ ಕಿಲೋಮೀಟರು ಹೋಗಿ ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಇಂಬಳ ನೋಡಿ ಓಡಿ ಬಂದರು. ಆ ಕಾಗದ ಬಹಳ ದಿನ ನನ್ನ ಟ್ರಂಕಿನಲ್ಲಿತ್ತು.

ರೇಡಿಯೋ ನಂಬಿ ಕೆಟ್ಟ ಮೇಲೆ ನಾನೊಂದು ದಾರಿ ಕಂಡುಕೊಂಡೆ. ಜೋಡಿಹಳ್ಳ ಹುಟ್ಟುವುದು ಗೇಟಿನ ಹತ್ತಿರವಲ್ಲ, ಏಣಿನ, ಅಂದರೆ ಬೆಟ್ಟದ ನೆತ್ತಿಸಾಲಿನ, ಆಚೆಗಿನ ದೊಡ್ಡ ಕಾಫಿ ಎಸ್ಟೇಟಿನ ತಲೆಯಲ್ಲಿ. ನಾವು ಅದನ್ನು ಮೇಲಿನ ತೋಟ ಎಂದೇ ಕರೆಯುತ್ತಿದ್ದೆವು. ಗೇಟಿನಲ್ಲಿ ಬಟ್ಟೆ ಒಣಗುತ್ತಿರುವಾಗ ಅಲ್ಲಿ ಸುರಿಯುತ್ತಿರುತ್ತದೆ. ಕಾಫಿ ತೋಟಗಳಲ್ಲಿ ಮಳೆ ಅಳೆಯುವುದು ದೇವರ ಪೂಜೆಯಷ್ಟೇ ತಪ್ಪದ ಕೆಲಸ. ಅಲ್ಲಿಯ ರೈಟರ್ ಶೇಷಪ್ಪ, ಅಂದರೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿದ್ದ ರೈನ್ ಗೇಜ್‌ನ ನೀರನ್ನು ಗಾಜಿನ ಅಳತೆಗೆ ಹುಯ್ದು ಇಂಚು, ಇಂಚಿಗೆ ನೂರು ಸೆಂಟ್ ಎಂಬ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಿದ್ದರು. ಮಳೆ ಇಲ್ಲದ ದಿನ ಆ ಸಾಲನ್ನು ಖಾಲಿ ಬಿಡುತ್ತಿದ್ದರು. ಎಂಟೂಕಾಲಿಗೆ ನಾನು ಗೌರಕ್ಕನ ಹೋಟೆಲಿನ ಫೋನಿನಿಂದ ಕೇಳಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಎರಡು ಇಂಚಿನ ಮೇಲಾಗಿದ್ದರೆ ಆ ದಿನ ದಾರಿ ಬಂದ್. ನೆಲ ಒಮ್ಮೆ ಹೊಟ್ಟೆ ತುಂಬ ನೀರು ಕುಡಿದ ಮೇಲೆ ಬೀಳುವ ಮಳೆ ಎಲ್ಲೂ ಇಂಗುವುದಿಲ್ಲ, ನೇರವಾಗಿ ಹಳ್ಳಕ್ಕೆ ಇಳಿಯುತ್ತದೆ. ಮುಂದೆ ಬರುವ ಮಳೆಯನ್ನು ನಾನು ಹೇಳಲಾರೆ, ಬಿದ್ದ ಮಳೆಯನ್ನಂತೂ ಹೇಳಬಲ್ಲೆ, ಅದರಿಂದ ಹಳ್ಳದ ಗುಣ ಗೊತ್ತಾಗುತ್ತದೆ ಎಂಬುದು ನನ್ನ ಲೆಕ್ಕ.

ಈ ಏರ್ಪಾಡು ಚೆನ್ನಾಗಿ ನಡೆಯಿತು. ನನಗೆ ಜಂಬವೂ ಬಂತು. ಬೇರೆ ಗೇಟಿನವರು ನೋಡಿಕೊಂಡು ಹೋಗಲಿ ಎಂದು ನಮ್ಮ ರೇಂಜರ್ ಇಬ್ಬರನ್ನು ಕಳಿಸಿದ್ದರು. ಭಾನುವಾರ ಮಾತ್ರ ಶೇಷಪ್ಪ ಫೋನಿಗೆ ಸಿಗುತ್ತಿರಲಿಲ್ಲ, ಆ ದಿನ ಅವರಿಗೆ ರಜೆ. ವಯಸ್ಸಾದ ವಾಚ್‌ಮನ್ ಫೋನ್ ಎತ್ತಿ, ಪುಸ್ತಕ ನೋಡಿ, "ಖಾಲಿ ಐತೆ ಗೌಡ್ರೇ" ಎನ್ನುತ್ತಿದ್ದರು. ನಾನು ಬೋರ್ಡಿನಲ್ಲಿ ಮಳೆ ಇಲ್ಲ, ದಾರಿ ತೆರೆದಿದೆ ಎಂದು ಬರೆಯುತ್ತಿದ್ದೆ. ಭಾನುವಾರ ಮಳೆರಾಯನಿಗೂ ರಜೆ ನೋಡು, ನಿನ್ನ ಚೀಲದೋರ ಪುಣ್ಯ ಎಂದು ಗೌರಕ್ಕನಿಗೆ ತಮಾಷೆ ಮಾಡುತ್ತಿದ್ದೆ. ಈ ತಮಾಷೆಯನ್ನು ನಾನು ನಾಲ್ಕು ವರ್ಷ ಮಾಡಿದೆ. ನಾಲ್ಕು ವರ್ಷದಲ್ಲಿ ಒಂದು ಭಾನುವಾರವೂ ಆ ತೋಟದಲ್ಲಿ ಮಳೆಯಾಗಿರಲಿಲ್ಲ ಎಂಬುದು ನನಗೆ ವಿಚಿತ್ರವಾಗಿ ಕಾಣಲೇ ಇಲ್ಲ.

ಬರುವವರಲ್ಲಿ ನನಗೆ ಬಹಳ ಇಷ್ಟವಾಗಿದ್ದವರು ಸುಧೀಂದ್ರ. ಮೈಸೂರಿನ ಬ್ಯಾಂಕೊಂದರಲ್ಲಿ ಕೆಲಸ. ವರ್ಷಕ್ಕೆ ಮೂರು ನಾಲ್ಕು ಸಲ ಕಾಲೇಜು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಬರುತ್ತಿದ್ದರು. ಬಂದವರು ಮೊದಲು ನನ್ನನ್ನಲ್ಲ, ಬೋರ್ಡನ್ನು ನೋಡುತ್ತಿದ್ದರು. ಬಂದ್ ಎಂದಿದ್ದರೆ ಒಂದು ಮಾತಿಲ್ಲದೆ ವ್ಯಾನು ತಿರುಗಿಸುತ್ತಿದ್ದರು. ಹುಡುಗರು ಗೊಣಗಿದರೆ, ಈ ಮನುಷ್ಯ ಹಳ್ಳದ ನಾಡಿ ಹಿಡಿದು ಬರೆಯುತ್ತಾರೆ, ನಾವು ಓದಿದರೆ ಸಾಕು ಎನ್ನುತ್ತಿದ್ದರು. ಇಷ್ಟು ನಂಬಿಕೆ ಇಟ್ಟವರು ನನ್ನ ಮನೆಯಲ್ಲೂ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಸುಧೀಂದ್ರ ಎಂಟು ಮಂದಿಯನ್ನು ಕರೆದುಕೊಂಡು ಬಂದರು. ಶನಿವಾರ ಸಂಜೆ ಏಣಿನ ಮೇಲೆ ಮಿಂಚು ಕಂಡಿತ್ತು, ಗೇಟಿನಲ್ಲಿ ಮಾತ್ರ ನೆಲ ಒದ್ದೆಯಾಗುವಷ್ಟೂ ಬಂದಿರಲಿಲ್ಲ. ಎಂಟೂಕಾಲಿಗೆ ಫೋನ್ ಮಾಡಿದಾಗ ವಾಚ್‌ಮನ್ ಎಂದಿನಂತೆ ಖಾಲಿ ಐತೆ ಎಂದರು. ನಾನು ಬರೆದೆ. ಸುಧೀಂದ್ರ ಓದಿದರು, ನಕ್ಕು ಕೈಯೆತ್ತಿ ಒಳಗೆ ನಡೆದರು.

ಹನ್ನೆರಡೂವರೆಗೆ ಮೇಲಿನ ತೋಟದ ಕಡೆ ಮೋಡ ಕವಿಯಿತು. ಗುಡುಗು ಕೇಳಿತು. ಒಂದು ಗಂಟೆಯ ಮಳೆಗೆ ಹಳ್ಳಕ್ಕೆ ಏನೂ ಆಗುವುದಿಲ್ಲ, ನೆಲ ಒಣಗಿದೆಯಲ್ಲ ಎಂದುಕೊಂಡು ಗೌರಕ್ಕನಲ್ಲಿ ಊಟಕ್ಕೆ ಕೂತೆ. ಎರಡರ ಹೊತ್ತಿಗೆ ಒಬ್ಬ ಹುಡುಗ ಮೈಯೆಲ್ಲ ಕೆಸರಾಗಿ ಓಡಿ ಬಂದ. ಹಳ್ಳ ಏರಿಬಿಟ್ಟಿದೆ, ಐದು ಜನ ಈಚೆ ಬಂದಿದ್ದೇವೆ, ಸಾರ್ ಮತ್ತು ಮೂವರು ಆಚೆ ಇದ್ದಾರೆ ಎಂದ. ಧರ್ಮಪ್ಪ ಜೀಪಿನ ಹಗ್ಗ ಎಳೆದುಕೊಂಡ, ಇಬ್ಬರೂ ಓಡಿದೆವು.

ಆ ನೀರನ್ನು ಈಗಲೂ ನೋಡುತ್ತೇನೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಎದೆಮಟ್ಟಕ್ಕೆ ಕೆಂಪಗೆ ಹರಿಯುತ್ತಿತ್ತು. ಎರಡೂ ದಡದ ಮರಗಳಿಗೆ ಹಗ್ಗ ಕಟ್ಟಿ ಸುಧೀಂದ್ರ ಆಗಲೇ ಇಬ್ಬರು ಹುಡುಗಿಯರನ್ನು ದಾಟಿಸಿದ್ದರು. ನಾವು ಹೋಗುವಾಗ ಮೂರನೆಯವನು ದಾಟುತ್ತಿದ್ದ. ಕೊನೆಗೆ ಅವರು ಇಳಿದರು. ಮಧ್ಯಕ್ಕೆ ಬಂದಾಗ ಮೇಲಿನಿಂದ ಒಂದು ಮರದ ದಿಮ್ಮಿ ತೇಲಿ ಬಂದು ಅವರ ಮಂಡಿಯನ್ನು ಬಂಡೆಗೆ ಅದುಮಿತು. ಅವರು ಹಗ್ಗ ಬಿಡಲಿಲ್ಲ. ಧರ್ಮಪ್ಪನೂ ನಾನೂ ಸೊಂಟಮಟ್ಟ ಇಳಿದು ಎಳೆದುಕೊಂಡೆವು. ಕಂಬಳಿಗೆ ಬಿದಿರು ಕಟ್ಟಿ ಹೊತ್ತು ತಂದು ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು. ಮಂಡಿ ಮೊದಲಿನಂತೆ ಮಡಚುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಒಂದು ಗಂಟೆಯ ಮಳೆಗೆ ಅಷ್ಟು ನೀರು ಬಂದದ್ದು ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಸೋಮವಾರ ಬೆಳಿಗ್ಗೆ ಫೋನ್ ಮಾಡುವ ಬದಲು ಏಣು ಹತ್ತಿ ತೋಟಕ್ಕೇ ಹೋದೆ. ಶೇಷಪ್ಪ ಆಗಷ್ಟೇ ಅಳೆದು ಬರೆಯುತ್ತಿದ್ದರು. "ಬಾರೀ ಮಳೆ ಕಣ್ರೀ, ಎಲ್ಡು ದಿನದ್ದೂ ಸೇರಿ ಐದು ಇಂಚು ಮೇಲೈತೆ" ಎಂದರು. ಎರಡು ದಿನದ್ದು ಎಂದರೆ ಏನು ಎಂದು ಕೇಳಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

"ಭಾನುವಾರ ನಂಗೆ ರಜೆ ಅಲ್ವೇನ್ರೀ? ಅವತ್ತು ಯಾರೂ ಅಳೆಯಲ್ಲ. ನೀರು ಗೇಜಲ್ಲೇ ಇರ್ತೈತೆ, ಸೋಮವಾರ ಎಲ್ಲಾ ಒಟ್ಟಿಗೆ ಬರೀತೀನಿ. ನಮ್ಗೆ ತಿಂಗಳ ಮಳೆ ಸರಿ ಬಂದ್ರೆ ಆಯ್ತಪ್ಪ."

ಶನಿವಾರ ರಾತ್ರಿಯೇ ಅಲ್ಲಿ ನೆಲ ಹೊಟ್ಟೆ ತುಂಬ ಕುಡಿದಿತ್ತು, ಭಾನುವಾರದ ಮಳೆ ನೇರ ಹಳ್ಳಕ್ಕಿಳಿದಿತ್ತು. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಕಾಫಿ ಗಿಡಕ್ಕೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ತಮಗಾಗಿ ಬರೆದುಕೊಂಡ ಪುಸ್ತಕವನ್ನು ಇನ್ನೊಬ್ಬ ತನ್ನ ಗೇಟಿನ ಕೆಲಸಕ್ಕೆ ಓದುತ್ತಿದ್ದಾನೆ ಎಂದು ಅವರೇಕೆ ಯೋಚಿಸಬೇಕು? ಒಮ್ಮೆಯೂ ಕೇಳದವನು ನಾನು. ಅಲ್ಲೇ ನಿಂತು ಹಿಂದಿನ ಪುಟಗಳನ್ನು ತಿರುವಿದೆ. ನಾಲ್ಕು ವರ್ಷದ ಎಲ್ಲ ಭಾನುವಾರಗಳೂ ಖಾಲಿ. ಮಳೆ ದಿನಗಳ ಸೋಮವಾರಗಳಲ್ಲೆಲ್ಲ ದಪ್ಪ ಅಂಕಿ. ಸೋಮವಾರ ಗುಡ್ಡ ಹತ್ತುವವರು ಬರುವುದಿಲ್ಲ, ಹಾಗಾಗಿ ಆ ದಿನದ ಅಳತೆಯನ್ನು ಬೋರ್ಡಿಗೆ ಬರೆದು ಅಲ್ಲೇ ಮರೆಯುತ್ತಿದ್ದೆ. ವಾರದಲ್ಲಿ ಅತಿ ಹೆಚ್ಚು ಜನ ನನ್ನ ಬೋರ್ಡು ಓದುತ್ತಿದ್ದ ದಿನವೇ ಅದರಲ್ಲಿ ಇದ್ದದ್ದು ಸುಳ್ಳು. ಕಣದ ಕಟ್ಟೆಯ ಮೇಲೆ ಕೂತೆ.

ಅವತ್ತೇ ರೇಂಜರ್ ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಕೆಟ್ಟ ಮನುಷ್ಯರಲ್ಲ ಅವರು. ನನ್ನನ್ನು ಕೂರಿಸಿ ನೀರು ಕೊಟ್ಟರು. ಹಠಾತ್ತಾಗಿ ಹಳ್ಳ ಏರಿತು ಎಂದು ವರದಿ ಕಳಿಸಿಯಾಗಿದೆ, ಯಾರೂ ಸತ್ತಿಲ್ಲ, ಯಾರೂ ದೂರು ಕೊಟ್ಟಿಲ್ಲ, ಮೈಮೇಲೆ ಎಳೆದುಕೊಳ್ಳಬೇಡ ಎಂದರು. ನನಗೂ ಅದೇ ಬೇಕಾಗಿತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ತಲೆಯಾಡಿಸಿ ಬಂದೆ.

ಎರಡು ತಿಂಗಳಾದ ಮೇಲೆ ಸುಧೀಂದ್ರರ ಕಾಗದ ಬಂತು. ಬೈಗುಳ ಇರುತ್ತದೆ ಎಂದುಕೊಂಡೇ ಒಡೆದೆ. ಅದರಲ್ಲಿ ಹೀಗಿತ್ತು: "ಬೆಳಿಗ್ಗೆ ದಾಟುವಾಗಲೇ ನೀರು ಸ್ವಲ್ಪ ಕೆಂಪಗಿತ್ತು. ನೋಡಿಯೂ ಮುಂದೆ ಹೋದೆ. ಮಕ್ಕಳ ಜೀವದ ಜೊತೆ ಆಟವಾಡಿದೆ. ನಿಮ್ಮ ಗೇಟಿಗೆ ನನ್ನಿಂದ ಕೆಟ್ಟ ಹೆಸರು ಬಂದಿದ್ದರೆ ಕ್ಷಮಿಸಿ. ಇನ್ನು ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲವೆಂದು ತೀರ್ಮಾನಿಸಿದ್ದೇನೆ."

ಕಾಗದ ಓದಿ ಮಡಚಿ ಟ್ರಂಕಿಗೆ ಹಾಕಿದೆ. ಉತ್ತರ ಬರೆಯಲಿಲ್ಲ.

ಬದಲಿಗೆ ಭಾನುವಾರಗಳಲ್ಲಿ ಏಣು ಹತ್ತತೊಡಗಿದೆ. ಬೆಳಿಗ್ಗೆ ಆರಕ್ಕೆ ಹೊರಟರೆ ಏಳೂಮುಕ್ಕಾಲಿಗೆ ತೋಟ. ಶೇಷಪ್ಪ ಅಳತೆಯ ಗಾಜನ್ನು ವಾಚ್‌ಮನ್ ಹತ್ತಿರ ಇಟ್ಟು ಹೋಗುತ್ತಿದ್ದರು. ಎಂಟಕ್ಕೆ ಸರಿಯಾಗಿ ಅಳೆದು, ಆ ನೀರನ್ನು ಶೇಷಪ್ಪನವರ ಲೆಕ್ಕ ಕೆಡದಂತೆ ಮತ್ತೆ ಗೇಜಿಗೇ ಹುಯ್ದು, ಅಲ್ಲಿಂದಲೇ ಗೌರಕ್ಕನಿಗೆ ಫೋನ್ ಮಾಡಿ ಬೋರ್ಡಿನ ಮೇಲೆ ಬರೆಸಿ ಇಳಿಯುತ್ತಿದ್ದೆ. ಇಳಿಯುವಾಗ ಜೋಡಿಹಳ್ಳದ ದಡಕ್ಕೂ ಹೋಗಿ ನೀರಿನ ಬಣ್ಣ ನೋಡುತ್ತಿದ್ದೆ. ಗೌಡನಿಗೆ ಹುಚ್ಚು ಹಿಡಿದಿದೆ ಎಂದು ಧರ್ಮಪ್ಪ ಹೇಳಿಕೊಂಡು ತಿರುಗಿದ.

ಮೂರು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಕಾಲವೂ ಬದಲಾಯಿತು. ಚೀಲದೋರು ಕಂಪ್ಯೂಟರಿನಿಂದ ಹವಾಮಾನದ ಹಾಳೆ ತೆಗೆಸಿಕೊಂಡು ಬಂದು ನನ್ನ ಬೋರ್ಡಿನ ಪಕ್ಕ ಹಿಡಿಯತೊಡಗಿದರು. ಹಾಸನಕ್ಕೆ ಬಿಸಿಲು ಎಂದಿದೆ ಎಂದು ವಾದ. ಹಾಸನಕ್ಕೆ ಹೋಗಿ ಹಾಗಾದರೆ ಎನ್ನುತ್ತಿದ್ದೆ. ಕೆಲವರ ಕೈಗೆ ಮೊಬೈಲು ಬಂತು, ಗೇಟಿನಲ್ಲಿ ಸಿಗ್ನಲ್ ಇಲ್ಲದೆ ಅದನ್ನು ಎತ್ತಿ ಹಿಡಿದು ಓಡಾಡುತ್ತಿದ್ದರು. ಹಾಳೆ, ಮೊಬೈಲು ಯಾವುದನ್ನೂ ನಾನು ತಳ್ಳಿಹಾಕುವುದಿಲ್ಲ. ರಕ್ಷಿತಾ, ನಿನ್ನ ಕೈಯಲ್ಲಿರುವುದು ನನ್ನ ರೇಡಿಯೋಗಿಂತ ನೂರು ಪಾಲು ಮೇಲು. ಆದರೆ ಅದು ಹೇಳುವುದು ಯಾವ ಊರಿನ ಆಕಾಶ, ಯಾವ ಹೊತ್ತಿನದು, ಅಳೆದವರು ಯಾರು ಎಂದು ಕೇಳದೆ ಬಿದಿರಿನ ಗಳ ಎತ್ತಬೇಡ.

ನನ್ನ ಬಾಯಿ ಬಿಡಿಸಿದವಳು ಗೌರಕ್ಕ. ಒಂದು ಭಾನುವಾರ ಬೆಟ್ಟ ಇಳಿದು ಬಂದು ಜ್ವರದಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಈ ವಯಸ್ಸಿನಲ್ಲಿ ಯಾಕೆ ಹೀಗೆ ಸಾಯುತ್ತೀರಿ ಎಂದು ಗದರಿಸಿದಳು. ಜ್ವರದ ಗುಂಗೋ ಏನೋ, ಎಲ್ಲವನ್ನೂ ಹೇಳಿಬಿಟ್ಟೆ. ಕಾಗದದ ಸಂಗತಿಯನ್ನೂ ಹೇಳಿದೆ. ಅವಳು ಲೋಟ ತೊಳೆಯುವುದನ್ನು ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡಳು.

"ಅವತ್ತು ನಿಮ್ಗೆ ಗೊತ್ತಿರ್ಲಿಲ್ಲ ಬುಡಿ. ಇವತ್ತು ಗೊತ್ತೈತಲ್ಲ ಗೌಡ್ರೇ. ಆವಯ್ಯ ತನ್ನ ತಪ್ಪು ಅಂದ್ಕೊಂಡು ಮೂಲೇಲಿ ಕುಂತವ್ನೆ. ನೀವು ಬೆಟ್ಟ ಹತ್ತುದ್ರೆ ಅವ್ನಿಗೆ ಏನ್ ಬಂತು?"

ಮುಂದಿನ ವಾರ ರಜೆ ಹಾಕಿ ಮೈಸೂರಿನ ಬಸ್ಸು ಹತ್ತಿದೆ. ಕಾಗದದ ಮೇಲಿದ್ದ ವಿಳಾಸ ಹುಡುಕಿಕೊಂಡು ಹೋದೆ. ಸುಧೀಂದ್ರ ಒಂದು ಕಾಲನ್ನು ಮುಂದಕ್ಕೆ ಚಾಚಿ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಅವರಿಗೆ ಎಷ್ಟು ಸಂತೋಷವಾಯಿತೆಂದರೆ ನನಗೆ ವಾಪಸ್ ಓಡಿಹೋಗಬೇಕು ಅನಿಸಿತು. ಅವರ ಹೆಂಡತಿ ಕಾಫಿ ತಂದಿಟ್ಟರು. ನಾನು ಲೋಟ ಮುಟ್ಟದೆ ತಲೆ ತಗ್ಗಿಸಿಕೊಂಡೇ ಖಾಲಿ ಪುಟದಿಂದ ಹಿಡಿದು ಕೊನೆಯವರೆಗೆ ಹೇಳಿದೆ.

ಅವರು ಕೇಳಿದರು. "ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಮಾರನೇ ದಿನವೇ ಸಾರ್. ಸೋಮವಾರ."

"ಸೋಮವಾರ." ಅವರು ಕಾಲಿನ ಮೇಲೆ ಕೈ ಇಟ್ಟುಕೊಂಡರು. "ಮೂರು ವರ್ಷ ಆ ಮಕ್ಕಳ ಅಪ್ಪ ಅಮ್ಮಂದಿರ ಮುಖ ನೋಡೋಕೆ ಆಗಿಲ್ಲ ಕಣ್ರೀ ನನಗೆ. ಬೀದೀಲಿ ಕಂಡ್ರೆ ಆ ಕಡೆ ತಿರುಗ್ತಿದ್ದೆ. ಕಾಲು ಹೋಗಿದ್ದಕ್ಕೆ ನಾನು ಅತ್ತಿಲ್ಲ. ಇದಕ್ಕೆ ಅತ್ತಿದ್ದೀನಿ. ಒಂದು ಕಾರ್ಡ್ ಬರೀಬಹುದಿತ್ತು ನೀವು."

ಬರೆಯಬಹುದಿತ್ತು. ಅವರು ಕ್ಷಮಿಸಿದೆ ಎನ್ನಲಿಲ್ಲ. ಹೊರಡುವಾಗ ಏಳಲೂ ಇಲ್ಲ, ಕಾಲಿನಿಂದಲೋ ಕೋಪದಿಂದಲೋ ನನಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಆಲೂರು ದಾಟುವವರೆಗೂ ಕಿಟಕಿಗೆ ಮುಖವಿಟ್ಟು ಕೂತಿದ್ದೆ. ಹೇಳಿದ ಮೇಲೆ ಹಗುರವಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ತಡ ಮಾಡಿದ್ದು ಮಳೆಯ ತಪ್ಪಿಗಿಂತ ದೊಡ್ಡ ತಪ್ಪು ಎಂಬುದು ಅವತ್ತು ಗೊತ್ತಾಯಿತು. ಮೊದಲನೆಯದು ತಿಳಿಯದೆ ಆದದ್ದು, ಎರಡನೆಯದನ್ನು ದಿನಾ ಎದ್ದು ಹೊಸದಾಗಿ ಮಾಡುತ್ತಿದ್ದೆ.

ಒಂದು ವರ್ಷದವರೆಗೆ ಅವರಿಂದ ಸುದ್ದಿಯಿರಲಿಲ್ಲ. ಮರು ಅಕ್ಟೋಬರಿನ ಒಂದು ಭಾನುವಾರ ತೋಟದಲ್ಲಿ ಅಳೆದು, ಹಳ್ಳ ನೋಡಿ ಗೇಟಿಗೆ ಇಳಿದು ಬಂದೆ. ಹತ್ತು ಗಂಟೆಯ ಒಳ್ಳೆಯ ಬಿಸಿಲು. ಗೌರಕ್ಕನ ಹೋಟೆಲಿನ ಮುಂದೆ ಮೈಸೂರಿನ ವ್ಯಾನೊಂದು ನಿಂತಿತ್ತು. ಹತ್ತು ಹನ್ನೆರಡು ಹುಡುಗ ಹುಡುಗಿಯರು ಚೀಲ ಹೊತ್ತು ಬಿದಿರಿನ ಗಳದ ಹತ್ತಿರ ಗುಂಪಾಗಿ ಮಾತಾಡುತ್ತಿದ್ದರು. ಅವರ ಹಿಂದೆ ಬೆಂಚಿನ ಮೇಲೆ, ಕೋಲನ್ನು ಗೋಡೆಗೆ ಒರಗಿಸಿ, ಒಂದು ಕಾಲನ್ನು ಚಾಚಿಕೊಂಡು ಸುಧೀಂದ್ರ ಕೂತಿದ್ದರು.

ಬಿಸಿಲಿದೆ, ಆಕಾಶದಲ್ಲಿ ಒಂದು ಮೋಡವಿಲ್ಲ, ಇಷ್ಟು ದೂರ ಬಂದಿದ್ದೇವೆ ಎಂದು ಹುಡುಗರು ನನ್ನನ್ನು ಮುತ್ತಿಕೊಂಡರು. ಸುಧೀಂದ್ರ ನನ್ನ ಒದ್ದೆ ಬೂಟು, ಕಾಲಿಗೆ ಹತ್ತಿದ್ದ ಇಂಬಳದ ರಕ್ತ ನೋಡಿದರು. ಆಮೇಲೆ ಬೋರ್ಡು ನೋಡಿದರು. ಎರಡು ಇಂಚು ಮೂವತ್ತು ಸೆಂಟ್, ದಾರಿ ಬಂದ್ ಎಂದು ಗೌರಕ್ಕನ ಸೊಟ್ಟ ಅಕ್ಷರದಲ್ಲಿತ್ತು.

"ಯಾರು ಅಳೆದದ್ದು?" ಎಂದು ಕೇಳಿದರು.

"ನಾನೇ ಸಾರ್. ಎಂಟು ಗಂಟೆಗೆ."

ಅವರು ಕೋಲು ಹಿಡಿದು ನಿಧಾನವಾಗಿ ಎದ್ದರು. ಗುಂಪಿನ ಹತ್ತಿರ ಹೋಗಿ ಒಬ್ಬ ಹುಡುಗಿಯ ಚೀಲವನ್ನು ತಾವೇ ಇಳಿಸಿ ವ್ಯಾನಿನೊಳಗಿಟ್ಟರು. "ಹತ್ತಿ ಎಲ್ರೂ, ವಾಪಸ್ ಹೋಗೋಣ" ಎಂದರು. ಯಾಕೆ ಸಾರ್ ಎಂದು ಒಬ್ಬ ಗೊಣಗಿದಾಗ ನನ್ನ ಕಡೆ ತಿರುಗದೆಯೇ, ಇವರು ಬರೆದಿದ್ದಾರಲ್ಲ, ನಾವು ಓದಿದರೆ ಸಾಕು ಎಂದರು.

ವ್ಯಾನು ತಿರುವು ದಾಟುವವರೆಗೆ ನಾನು ಗಳ ಹಿಡಿದುಕೊಂಡೇ ನಿಂತಿದ್ದೆ. ಮಧ್ಯಾಹ್ನ ಮೇಲಿನ ತೋಟದ ಕಡೆ ಗುಡುಗು ಕೇಳಿತು. ನಾನು ಜೋಡಿಹಳ್ಳದ ದಡಕ್ಕೆ ಹೋಗಿ ಕೂತೆ. ನೀರು ಏರಿತು, ಕೆಂಪಗೆ ಎದೆಮಟ್ಟ ಹರಿಯಿತು. ಅದರಲ್ಲಿ ಯಾರೂ ಇರಲಿಲ್ಲ.